'ವಾಲಿ ಪಿಪ್ ಆಗೋದು' ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?

ಬಳಗದ ಎಲ್ಲರಿಗೂ ನಮಸ್ಕಾರ. ತುಂಬ ದಿನದ ಮೇಲೆ ಬರೀತಿದೀನಿ, ಅದೂ ಬೇಸ್‌ಬಾಲ್ ವಿಷಯಕ್ಕೆ, ನಗಬೇಡಿ.

ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಬಂದು ಮೂರು ತಿಂಗಳಾಯ್ತು. ಮೊಮ್ಮಗನಿಗೆ ಹತ್ತು ವರ್ಷ, ಎಡಚ, ಇಲ್ಲಿನ ಮಕ್ಕಳ ತಂಡದಲ್ಲಿ ಆಡ್ತಾನೆ, ಫಸ್ಟ್ ಬೇಸ್‌ನಲ್ಲಿ (ಚೆಂಡು ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಮೂಲೆ) ನಿಲ್ಲೋದು ಅವನೇ ಅಂತ ಆಗಿಹೋಗಿತ್ತು. ಹೋದ ತಿಂಗಳು ಜ್ವರ ಬಂದು ಒಂದೇ ಒಂದು ಶನಿವಾರ ಹೋಗ್ಲಿಲ್ಲ. ಆವತ್ತು ಇವನ ಜಾಗದಲ್ಲಿ ನಿಂತ ಹುಡುಗ ಬಂದ ಚೆಂಡನ್ನೆಲ್ಲ ಹಿಡಿದನಂತೆ, ಬ್ಯಾಟ್ ಕೊಟ್ರೆ ಅಲ್ಲೂ ಎರಡು ಬಾರಿಸಿದನಂತೆ. ಮುಂದಿನ ವಾರ ಇವನು ಗ್ಲೌಸು ಹಿಡ್ಕೊಂಡು ಹೋದ್ರೆ ಕೋಚು ಬೆಂಚು ತೋರಿಸಿದ್ರು. ಮನೆಗೆ ಬಂದವನು ಶೂ ಕೂಡ ಬಿಚ್ಚದೆ ಸೋಫಾ ಮೇಲೆ ಬೋರಲು ಬಿದ್ಕೊಂಡ. ಏನಾಯ್ತೋ ಮರಿ ಅಂತ ನಾನು ಕೇಳ್ತಿದ್ರೆ ಅಳಿಯಂದಿರು ಅಡುಗೆಮನೆಯಿಂದಲೇ "ಏನಿಲ್ಲ ಮಾವ, ಅವನು ವಾಲಿ ಪಿಪ್ ಆದ ಅಷ್ಟೆ" ಅಂದ್ರು.

ನಂಗೆ ಕೇಳಿಸಿದ್ದು ವಾಲಿ ಅನ್ನೋದು ಮಾತ್ರ. ಓಹೋ ಕಿಷ್ಕಿಂಧೆಯ ವಾಲಿ, ಗುಹೆ ಒಳಗೆ ಹೋದವನು ಬರೋದು ತಡ ಆಯ್ತು ಅಂತ ಸುಗ್ರೀವ ಬಾಗಿಲಿಗೆ ಬಂಡೆ ಇಟ್ಟು ಬಂದು ಸಿಂಹಾಸನದ ಮೇಲೆ ಕೂತಿದ್ನಲ್ಲ, ಎಷ್ಟು ಚೆನ್ನಾಗಿ ಹೇಳಿದ್ರು ಅಳಿಯಂದಿರು, ಇಷ್ಟು ವರ್ಷ ಹೊರಗಿದ್ರೂ ರಾಮಾಯಣ ಮರೆತಿಲ್ಲ ಅಂತ ಸಂತೋಷಪಟ್ಟೆ. ಅವರಿಗೆ ರಾಮಾಯಣದ ನೆನಪೇ ಇರ್ಲಿಲ್ಲ. ಇದು ಬೇರೆ ವಾಲಿ, ಅಮೆರಿಕದವನು, ಪಿಪ್ ಅನ್ನೋದು ಮನೆತನದ ಹೆಸರು.

ಕತೆ ಏನಪ್ಪಾ ಅಂದ್ರೆ, ಈ ವಾಲಿ ಪಿಪ್ 1915ರಿಂದ ನ್ಯೂಯಾರ್ಕ್ ಯಾಂಕೀಸ್ ತಂಡದ ಫಸ್ಟ್ ಬೇಸ್ ಕಾಯ್ತಿದ್ದ. ಸಾಮಾನ್ಯದವನಲ್ಲ. 1916, 1917 ಎರಡು ವರ್ಷ ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಹೋಮ್ ರನ್, ಅಂದ್ರೆ ನಮ್ಮ ಸಿಕ್ಸರ್ ಥರದ ಹೊಡೆತ, ಇವನದೇ (12 ಮತ್ತೆ 9, ಆ ಕಾಲಕ್ಕೆ ಅದೇ ದೊಡ್ಡದು), 1923ರಲ್ಲಿ ಯಾಂಕೀಸ್ ಮೊದಲನೇ ಸಲ ವರ್ಲ್ಡ್ ಸೀರೀಸ್ (ವರ್ಷದ ಕೊನೇ ಫೈನಲ್) ಗೆದ್ದಾಗ ಫಸ್ಟ್ ಬೇಸ್‌ನಲ್ಲಿ ಇದ್ದಿದ್ದೂ ಇವನೇ. 1925ರ ಜೂನ್ 2ನೇ ತಾರೀಕು ತಲೆನೋವು ಅಂತ ಎರಡು ಆಸ್ಪಿರಿನ್ ಕೇಳಿದನಂತೆ. ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಇವತ್ತೊಂದಿನ ಸುಧಾರಿಸಿಕೋ ಅಂತ ಹೇಳಿ, 22 ಇನ್ನೂ ತುಂಬದ ಲೂ ಗೆರಿಗ್ ಅನ್ನೋ ಹುಡುಗನ್ನ ಅಲ್ಲಿ ನಿಲ್ಲಿಸಿದನಂತೆ. ಆ ಹುಡುಗ ಹಿಂದಿನ ದಿನ ಬೇರೆಯವನ ಬದಲಿಗೆ ಒಂದು ಸಲ ಬ್ಯಾಟ್ ಮಾಡಿ ಹೋಗಿದ್ದ, ಅಲ್ಲಿಂದ ಲೆಕ್ಕ ಶುರು, 1939ರ ಏಪ್ರಿಲ್ ಕೊನೆವರೆಗೆ ಒಂದೂ ಬಿಡದೆ 2,130 ಆಟ. ಆ ದಾಖಲೆ ಮುರಿಯೋಕೆ 1995ರಲ್ಲಿ ಕ್ಯಾಲ್ ರಿಪ್ಕೆನ್ ಬರಬೇಕಾಯ್ತು. ಪಿಪ್‌ಗೆ ಯಾಂಕೀಸ್‌ನ ಫಸ್ಟ್ ಬೇಸು ಮತ್ತೆ ಸಿಗಲೇ ಇಲ್ಲ. ಅದಕ್ಕೆ ಇಲ್ಲಿ ಯಾರಾದ್ರೂ ಒಂದಿನ ರಜ ಹಾಕಿ ಜಾಗ ಕಳ್ಕೊಂಡ್ರೆ 'ಪಿಪ್ ಆದ' ಅಂತ ಹೆಸರನ್ನೇ ಕ್ರಿಯಾಪದ ಮಾಡಿಬಿಟ್ಟಿದಾರೆ, ಆಟಕ್ಕಷ್ಟೇ ಅಲ್ಲ ಆಫೀಸಿಗೂ ಹೇಳ್ತಾರಂತೆ.

ಈಗ ಮೇಲಿನ ತಲೆನೋವಿನ ಭಾಗದಲ್ಲಿ ನಾನು ಹಾಕಿರೋ 'ಅಂತೆ'ಗಳನ್ನ ಗಮನಿಸಿ. ಬೇಕಂತಲೇ ಹಾಕಿದ್ದು. ಆ ವರ್ಷ ಯಾಂಕೀಸ್ ಸ್ಥಿತಿ ಕೆಟ್ಟಿತ್ತು, ತಂಡದ ದೊಡ್ಡ ಹೊಡೆತಗಾರ ಬೇಬ್ ರೂತ್ ಕಾಯಿಲೆ ಬಿದ್ದು ಜೂನ್ 1ಕ್ಕೆ ವಾಪಸ್ ಬಂದಿದ್ದ, ಪಿಪ್ ಬ್ಯಾಟಿಂದ ರನ್ನೇ ಬರ್ತಿರಲಿಲ್ಲ, ಹಗಿನ್ಸ್ ಒಂದೇ ದಿನ ಮೂರು ಜನರನ್ನ ಕೂರಿಸಿದ: ಪಿಪ್, ಸೆಕೆಂಡ್ ಬೇಸ್‌ನ ಆರನ್ ವಾರ್ಡ್, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ವಾಲಿ ಶಾಂಗ್. ಹೌದು, ಒಂದೇ ದಿನ ಇಬ್ಬರು ವಾಲಿಗಳು! ಶಾಂಗ್ ಹೆಸರಲ್ಲಿ ಯಾರೂ ಕ್ರಿಯಾಪದ ಮಾಡ್ಲಿಲ್ಲ ಪಾಪ. ತಲೆನೋವಿನ ಕತೆ ಎಲ್ಲಿಂದ ಬಂತು ಅಂದ್ರೆ, ಅದೇ ಜುಲೈನಲ್ಲಿ ಪ್ರಾಕ್ಟೀಸ್ ಮಾಡುವಾಗ ಪಿಪ್ ತಲೆಗೆ ಚೆಂಡು ಬಿದ್ದು ಆಸ್ಪತ್ರೆ ಸೇರಿದ್ದ, ಜನ ಎರಡನ್ನೂ ಸೇರಿಸಿ ಹೊಲಿದಿರಬೇಕು ಅನ್ನೋದು ಬಲ್ಲವರ ಊಹೆ. ಮರುವರ್ಷ ಅವನನ್ನ ಸಿನ್ಸಿನಾಟಿ ತಂಡಕ್ಕೆ ಮಾರಿದ್ರು.

ಅಂದ್ರೆ ನಿಜಕ್ಕೂ ಆಗಿದ್ದು ನಮ್ಮ ಭಾಷೆಯಲ್ಲಿ 'ಎತ್ತಂಗಡಿ'. ಮೇಲಿನವರು ಯೋಚನೆ ಮಾಡಿ ಎತ್ತಿದ್ದು. ಆದ್ರೆ ಪದಕ್ಕೆ ಅರ್ಥ ನಿಂತಿರೋದು ಕಟ್ಟುಕತೆ ಮೇಲೆ: ಯಾರೂ ಎತ್ತಲಿಲ್ಲ, ತಾನೇ ಒಂದು ಗಳಿಗೆ ಎದ್ದ, ಜಾಗ ಹೋಯ್ತು. ಹಾಗಾಗಿ ಎತ್ತಂಗಡಿ ನಡೆಯಲ್ಲ ಅಂತ ನನ್ನ ವಾದ, ಒಪ್ಪದವರು ಹೇಳಿ.

ಇನ್ನು ಈ ಕತೆಯನ್ನ ಊರಿನ ಮಕ್ಕಳಿಗೆ ಅಂತ ಕನ್ನಡದಲ್ಲಿ ಬರೆಯೋಕೆ ಕೂತೆ. ಮೊದಲ ಸಾಲಲ್ಲೇ ಕೈ ನಿಂತಿತು. ಪತ್ರಿಕೆಯವರ ಥರ 'ಆರಂಭಿಕ ಮೊದಲ ಬೇಸ್‌ಮನ್ ಸ್ಥಾನಕ್ಕೆ ಪೈಪೋಟಿ' ಅಂತ ಬರೆದು ನೋಡಿದೆ (ಪಿಪ್‌ಗೂ ಪೈಪೋಟಿಗೂ ಪ್ರಾಸ ಕೂಡಿದ್ದೊಂದೇ ಲಾಭ). ನಮ್ಮೋರಿಗೆ 'ಆರಂಭಿಕ' ಅಂದ ತಕ್ಷಣ ಕ್ರಿಕೆಟ್ಟಲ್ಲಿ ಮೊದಲು ಬ್ಯಾಟ್ ಹಿಡಿದು ಬರೋ ಇಬ್ಬರು ಕಣ್ಣಿಗೆ ಬರ್ತಾರೆ. ಇಲ್ಲಿ ಆ ಅರ್ಥವೇ ಅಲ್ಲ, ಆಟ ಶುರುವಾದಾಗ ಬೆಂಚಲ್ಲಿರದೆ ಮೈದಾನದಲ್ಲಿರೋನು ಅಂತ. 'ಆಡುವ ಹನ್ನೊಂದರ ಬಳಗ' ಅಂತ ನಾವು ಹೇಳ್ತೀವಲ್ಲ ಅದಕ್ಕೆ ಹತ್ತಿರ, ಆದ್ರೆ ಇಲ್ಲಿ ಇರೋದು ಒಂಬತ್ತು ಜನ. 'ಮೊದಲ ಬೇಸ್‌ಮನ್' ಇನ್ನೂ ತಮಾಷೆ, ಬೇಸ್‌ಮನ್‌ಗಳಲ್ಲೆಲ್ಲ ಮೊದಲನೆಯವನು, ಚಂದ್ರನ ಮೇಲೆ ಮೊದಲು ಕಾಲಿಟ್ಟವನ ಹಾಗೆ. ಮೊದಲನೇದು ಬೇಸು, ಮನುಷ್ಯ ಅಲ್ಲ. ಕನ್ನಡದಲ್ಲಿ ಇದಕ್ಕೆ ಸುಲಭದ ದಾರಿ ಇದೆ, 'ಫಸ್ಟ್ ಬೇಸ್‌ನವನು' ಅಂದ್ರೆ ಮುಗೀತು, ಹಾಲಿನವನು, ಪೇಪರಿನವನು ಇದ್ದ ಹಾಗೆ. ಆ ಜಾಗಕ್ಕೆ ಇಲ್ಲಿನವರು ಹೇಳೋ 'ಸ್ಟಾರ್ಟಿಂಗ್ ಜಾಬ್'ಗೆ 'ಖಾಯಂ ಜಾಗ' ಅಂತ ಹಾಕಿದೀನಿ. ಜಾಬ್ ಅಂತ ಇದೆಯಲ್ಲ ಅಂತ 'ಕೆಲಸ ಗೆದ್ದ' ಅಂತೇನಾದ್ರೂ ಬರೆದ್ರೆ ಓದಿದವರು ಕೇಸು ಗೆದ್ದು ನೌಕರಿ ವಾಪಸ್ ಪಡೆದ ಅಂತ ತಿಳ್ಕೊಂಡಾರು.

ಪೈಪೋಟಿಗೆ ನನಗೆ ಸರಿ ಅನ್ಸಿದ್ದು 'ಟವಲ್ ಹಾಕೋದು'. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಎಸೆದು ಹಿಡಿಯೋದು ಗೊತ್ತಲ್ಲ, ಈಗ ಮುಖ್ಯಮಂತ್ರಿ ಕುರ್ಚಿಗೂ ಅದನ್ನೇ ಹೇಳ್ತಾರೆ. ಇಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ತಂಡಗಳೆಲ್ಲ ಫ್ಲೋರಿಡಾಕ್ಕೋ ಅರಿಝೋನಾಕ್ಕೋ ಹೋಗಿ ಪ್ರಾಕ್ಟೀಸ್ ಮಾಡ್ತವೆ, ಆಗ ಒಂದೊಂದು ಜಾಗಕ್ಕೆ ಮೂರು ಮೂರು ಜನ ಟವಲ್ ಹಾಕಿರ್ತಾರೆ. ಅಳಿಯಂದಿರಿಗೆ ಇದನ್ನ ಇಂಗ್ಲಿಷಲ್ಲಿ ಪಕ್ಕದ ಮನೆಯವರ ಮುಂದೆ ಹೇಳಬೇಡಿ ಅಂದೆ, ಯಾಕಂದ್ರೆ ಅವರ ಭಾಷೆಯಲ್ಲಿ ಟವಲ್ ಎಸೆಯೋದು ಅಂದ್ರೆ ಸೋಲೊಪ್ಪೋದು! ಒಂದೇ ಬಟ್ಟೆ, ನಮಗೆ ಹಕ್ಕು ಅವರಿಗೆ ಶರಣಾಗತಿ.

ಮುಖ್ಯ ಪದಕ್ಕೆ ಬರ್ತೀನಿ. ನಾನು ತಾಲೂಕು ಮಟ್ಟದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೋನು, ಹರ್ನಿಯಾ ಆಪರೇಷನ್‌ಗೆ ಮೂರು ವಾರ ರಜ ಹಾಕಿದಾಗ ನನ್ನ ಟೇಬಲ್ಲು ಪಕ್ಕದವನ ಪ್ರಭಾರಕ್ಕೆ ಹೋಯ್ತು, ಹೊಟ್ಟೆ ಹಿಡ್ಕೊಂಡು ವಾಪಸ್ ಬಂದ್ರೆ ನನ್ನ ಡ್ರಾಯರಲ್ಲಿ ಅವನ ಊಟದ ಡಬ್ಬಿ ಇತ್ತು, ನಾನು ರೆಕಾರ್ಡ್ ರೂಮಿಗೆ. ಅಲ್ಲಿ ನಾವು ಹೇಳ್ತಿದ್ದ ಮಾತು 'ಪ್ರಭಾರ ಖಾಯಂ ಆಯ್ತು'. ಅರ್ಥ ಸರಿಯಾಗಿದೆ, ಆದ್ರೆ ಅದು ಬಂದವನ ಕಡೆಯ ಮಾತು, ಗೆರಿಗ್‌ಗೆ ಹೇಳಬಹುದು. ಜಾಗ ಹೋದವನ ಕಡೆಯಿಂದ ಹೇಳೋಕೆ ಪದ ಬೇಕಲ್ಲ. 'ಸಂದಿಯಲ್ಲಿ ಸಮಾರಾಧನೆ' ಕೂಡ ಹಾಗೇ, ಜೊತೆಗೆ ಅದರಲ್ಲಿ ಬೈಗುಳದ ವಾಸನೆ ಇದೆ, ಗೆರಿಗ್ ಅಂಥವನಲ್ಲ.

'ವಾಲಿ'ಯನ್ನೇ ಇಟ್ಕೊಳ್ಳೋಣ ಅಂತ ಆಸೆಯಾಯ್ತು, ಹಂಪಿ ಪಕ್ಕದ ಆನೆಗೊಂದಿ ನಮ್ಮದೇ ತಾನೇ. ಆದ್ರೆ ನಮ್ಮ ವಾಲಿ ವಾಪಸ್ ಬಂದು ಸುಗ್ರೀವನ್ನ ಒದ್ದೋಡಿಸಿದ, ಪಿಪ್‌ಗೆ ಆ ಭಾಗ್ಯ ಇಲ್ಲ. ವಾಲಿ ಕತೆ ಒಪ್ಪೋದು ಕರುಣ್ ನಾಯರ್ ವಿಷಯಕ್ಕೆ. 2016ರ ಡಿಸೆಂಬರಲ್ಲಿ ರಹಾನೆ ಬೆರಳಿಗೆ ಪೆಟ್ಟಾಗಿ ಕೂತಿದ್ದಾಗ ಕರುಣ್ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ಹೊಡೆದ್ರು, ಫೆಬ್ರವರಿಯಲ್ಲಿ ಹೈದರಾಬಾದ್‌ನಲ್ಲಿ ಬಾಂಗ್ಲಾದೇಶದ ಮೇಲಿನ ಟೆಸ್ಟಿಗೆ ರಹಾನೆ ಬಂದ್ರು, ಕರುಣ್ ಹೊರಗೆ. ಮುನ್ನೂರು ಹೊಡೆದವನು ಮುಂದಿನ ಟೆಸ್ಟಲ್ಲೇ ಇಲ್ಲ! ನನಗಿನ್ನೂ ಹೊಟ್ಟೆ ಉರಿಯತ್ತೆ, ಇರ್ಲಿ. ಗಾಯ ಆದವನ ಜಾಗ ಅವನಿಗೇ ಅನ್ನೋದು ಕ್ರಿಕೆಟ್ಟಿನ ನ್ಯಾಯ. ಬೇಸ್‌ಬಾಲಿನ ದೊಡ್ಡ ಲೀಗಲ್ಲಿ ಆಟದ ಮಧ್ಯೆ ಎದ್ದು ಬದಲಿ ಬಿಟ್ಟವನು ಆ ಆಟಕ್ಕೆ ಮತ್ತೆ ಇಳಿಯೋ ಹಾಗೇ ಇಲ್ಲ. ಇಂಥ ಪದ ಕ್ರಿಕೆಟ್ಟಲ್ಲಿ ಹುಟ್ಟದೆ ಅಲ್ಲಿ ಹುಟ್ಟಿದ್ದು ಸುಮ್ನೆ ಅಲ್ಲ ಅನ್ಸತ್ತೆ ನಂಗೆ.

ಕೊನೆಗೆ ದಾರಿ ತೋರಿಸಿದ್ದು ಬೇಸು. ಬೇಸಿಗೆ 'ನೆಲೆ' ಅಂತ ಬರೆದಿದ್ದೆ, ವಾಯುನೆಲೆ ಥರ ಕಾಣ್ತಿತ್ತು, ಹೊಡೆದು ಹಾಕಿದೆ. ಮೊಮ್ಮಗನ ಆಟ ನೋಡ್ತಾ ಕೂತಾಗ ಹೊಳೀತು: ಚೌಕದ ನಾಲ್ಕು ಮೂಲೆ, ದೊಡ್ಡವರ ಮೈದಾನದಲ್ಲಿ ಒಂದರಿಂದ ಒಂದಕ್ಕೆ 90 ಅಡಿ, ಹೊಡೆದವನು ಮೂಲೆಗೆ ಓಡ್ತಾನೆ, ಫಸ್ಟ್ ಬೇಸ್‌ನವನು ಒಂದು ಕಾಲು ಬೇಸಿನ ಮೇಲೆ ಊರಿ ಮೈಯೆಲ್ಲ ಚಾಚಿ ಚೆಂಡಿಗೆ ಕೈ ಚಾಚ್ತಾನೆ, ಚೆಂಡು ಕೈಗೆ ಬರೋ ಮೊದಲು ಆ ಕಾಲು ಎದ್ರೆ ಕೆಟ್ಟ. ಎಡಚರಿಗೆ ಅಲ್ಲಿ ಅನುಕೂಲ, ಗ್ಲೌಸಿನ ಬಲಗೈ ಮೈದಾನದ ಒಳಬದಿಗೆ ಇರತ್ತೆ, ಪಿಪ್ಪೂ ಗೆರಿಗ್ಗೂ ಇಬ್ಬರೂ ಎಡಚರೇ. ನೋಡ್ತಾ ನೋಡ್ತಾ ಇದು ನಮ್ಮ ಕಂಬದಾಟ ಅಲ್ವಾ ಅನ್ನಿಸ್ತು. ತೊಟ್ಟಿ ಮನೆಯ ನಾಲ್ಕು ಕಂಬ, ಐದು ಮಕ್ಕಳು, ಕಂಬ ಬಿಟ್ರೆ ಇನ್ನೊಬ್ಬ ಹಿಡ್ಕೊಂಡ, ಬಿಟ್ಟವನು ನಡುವೆ ನಿಂತು ಪಿಳಿಪಿಳಿ. 'ಕಂಬ ಬಿಟ್ಟ'. ಪಿಪ್ ಕಂಬ ಬಿಟ್ಟ, ಗೆರಿಗ್ ಹದಿನಾಲ್ಕು ವರ್ಷ ಹಿಡ್ಕೊಂಡ.

ಒಂದು ತೊಡಕಿದೆ. ಗೆರಿಗ್ ಜಾಗ ಹೋಗಿದ್ದಕ್ಕೂ ಇದನ್ನೇ ಹೇಳಬಹುದಾ? 1939ರ ಮೇ 2, ಡೆಟ್ರಾಯಿಟ್‌ನಲ್ಲಿ, ಮೈಯಲ್ಲಿ ಶಕ್ತಿ ಇಲ್ಲದ ಗೆರಿಗ್ ತಾನೇ ಮ್ಯಾನೇಜರ್ ಜೋ ಮೆಕಾರ್ಥಿ ಹತ್ರ ಹೋಗಿ ಇವತ್ತು ನನ್ನನ್ನ ಬಿಡಿ ಅಂದ. ಬೇಬ್ ಡಾಲ್‌ಗ್ರೆನ್ ಬಂದ, ಹೋಮ್ ರನ್ ಹೊಡೆದ, ಯಾಂಕೀಸ್ 22–2ರಲ್ಲಿ ಗೆದ್ರು. ಗೆರಿಗ್‌ಗೆ ಇದ್ದಿದ್ದು ಈಗ ಅವನ ಹೆಸರಲ್ಲೇ ಕರೆಯೋ ನರದ ಕಾಯಿಲೆ, ತೀರಿಕೊಂಡಿದ್ದು 1941ರ ಜೂನ್ 2, ಪಿಪ್ ಜಾಗಕ್ಕೆ ಬಂದು ಸರಿಯಾಗಿ 16 ವರ್ಷಕ್ಕೆ. ಅದಕ್ಕೆ 'ಕಂಬ ಬಿಟ್ಟ' ಅನ್ನೋಕೆ ನನಗೆ ಬಾಯಿ ಬರಲ್ಲ, 'ಕಂಬ ಬಿಟ್ಟುಕೊಟ್ಟ' ಅಂದ್ರೆ ಸರಿಹೋಗಬಹುದು. 'ಕೊಡು' ಸೇರಿದ ಕೂಡಲೇ ಅರ್ಥ ಹೇಗೆ ತಿರುಗತ್ತೆ ನೋಡಿ, ವ್ಯಾಕರಣದವರು ಸ್ವಲ್ಪ ಬಿಡಿಸಿ ಹೇಳಿದ್ರೆ ಉಪಕಾರ.

ಹೋದ ಭಾನುವಾರ ಪಾರ್ಕಿನ ಮಾಡಿನ ಕೆಳಗೆ ನಾಲ್ಕು ಕಂಬ ಸಿಕ್ತು, ಮೊಮ್ಮಗನಿಗೂ ಅವನ ಗೆಳೆಯರಿಗೂ ಕಂಬದಾಟ ಕಲಿಸಿದೆ. ಫಸ್ಟ್ ಬೇಸ್ ಕಿತ್ಕೊಂಡ ಆ ಹುಡುಗನೂ ಬಂದಿದ್ದ, ಒಳ್ಳೇ ಹುಡುಗ. ಮಂಡಿ ಹಿಡ್ಕೊಂಡಿತು ಅಂತ ನಾನೊಂದು ಸಲ ಬಗ್ಗಿದೆ, ಅಷ್ಟರಲ್ಲಿ ಮೊಮ್ಮಗ ಬಂದು ನನ್ನ ಕಂಬ ತಬ್ಬಿಕೊಂಡು "ಅಜ್ಜ ಪಿಪ್ ಆದ" ಅಂತ ಕೂಗಿದ. ಆಗ ನಂಗೆ ಹೊಳೆದ ಪ್ರಶ್ನೆ ಇದು: ನಡುವೆ ಕಂಬ ಇಲ್ಲದೆ ನಿಲ್ಲೋನಿಗೆ ನಿಮ್ಮೂರಲ್ಲಿ ಏನಂತೀರಿ? ನಮ್ಮ ಕಡೆ 'ಕಳ್ಳ' ಅಂತಿದ್ವಿ, ಜಾಗ ಕಳ್ಕೊಂಡವನೇ ಕಳ್ಳ ಹೇಗಾಗ್ತಾನೆ ಅಂತ ಇಲ್ಲಿ ಮಕ್ಕಳು ಕೇಳ್ತಿದಾರೆ. ಉತ್ತರ ಕರ್ನಾಟಕದವರು, ಕರಾವಳಿಯವರು ಬೇರೆ ಹೆಸರು ಇದ್ರೆ ದಯವಿಟ್ಟು ಬರೀರಿ.