ಸೋಯಾ ಹಿಂಡಿಯ ಸಾರದಲ್ಲಿ ಇ. ಕೋಲಿ ಇಷ್ಟು ಬೆಳೆಯೋದು ಯಾಕೆ?

ಪ್ರಶ್ನೆ
ಎಣ್ಣೆ ತೆಗೆದ ಸೋಯಾ ಹಿಂಡಿಯ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳ ಪ್ರಿಬಯಾಟಿಕ್ ಗುಣದ (ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನಷ್ಟೇ ಬೆಳೆಸುವ ಗುಣ) ಪರೀಕ್ಷೆ ಇದು. ಒಂದು ಪಾಲು ಹಿಂಡಿಗೆ ಹತ್ತು ಪಾಲು 70% ಎಥನಾಲ್, 50 ಡಿಗ್ರಿ, ಒಂದು ಗಂಟೆ. ಸೋಸಿ ಎಥನಾಲ್ ಪೂರ್ತಿ ಆರಿಸೋದು. ಸುಕ್ರೋಸ್ ತೆಗೆಯಲು ಬೇಕರಿ ಯೀಸ್ಟ್ ಹಾಕಿ 30 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ಕುದಿಸಿ, ಸೆಂಟ್ರಿಫ್ಯೂಜ್ ಮಾಡಿ, 0.22 ಮೈಕ್ರಾನ್ ಫಿಲ್ಟರ್ ಹಾಯಿಸೋದು. ಗ್ಲೂಕೋಸ್ ಇಲ್ಲದ ಎಂಆರ್‌ಎಸ್ ಮಾಧ್ಯಮದಲ್ಲಿ ಬಿಫಿಡೋಬ್ಯಾಕ್ಟೀರಿಯಂ (ಒಳ್ಳೆಯದು), ಎಂ9 ಮಾಧ್ಯಮದಲ್ಲಿ ಇ. ಕೋಲಿ ಕೆ-12 (ಲ್ಯಾಬಿನ ಮಾಮೂಲಿ ತಳಿ, ಬೆಳೆಯಬಾರದಿತ್ತು), ಎರಡಕ್ಕೂ ಸಾರ 1%. ಇ. ಕೋಲಿ ಗ್ಲೂಕೋಸ್ ಟ್ಯೂಬಿನಷ್ಟೇ ಬೆಳೆದಿದೆ. ಯಾಕೆ?

ಉತ್ತರ 1
ಕಿತಾಪತಿ ಯೀಸ್ಟಿನದು. ಅದರ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸ್ ಒಂದನ್ನೇ ಕತ್ತರಿಸಿ ಸುಮ್ಮನಾಗಲ್ಲ. ರಾಫಿನೋಸ್‌ನ ತುದಿಯ ಫ್ರಕ್ಟೋಸನ್ನೂ ಕಡಿಯುತ್ತೆ, ಉಳಿಯೋದು ಮೆಲಿಬಯೋಸ್ ಎಂಬ ಸಕ್ಕರೆ. ಬೇಕರಿ ಯೀಸ್ಟಿಗೆ ಮೆಲಿಬಯೋಸ್ ತಿನ್ನೋಕೆ ಸಾಮಾನ್ಯವಾಗಿ ಬರಲ್ಲ, ಹಾಗಾಗಿ ಅದು ಸಾರದಲ್ಲೇ ಉಳಿಯುತ್ತೆ. ಕೆ-12ಗೆ ರಾಫಿನೋಸ್ ದಕ್ಕಲ್ಲ, ಮೆಲಿಬಯೋಸ್ ಮಾತ್ರ ಚೆನ್ನಾಗಿ ದಕ್ಕುತ್ತೆ.

ಖಚಿತ ಮಾಡ್ಕೊಳ್ಳೋದು ಸುಲಭ. ಸುಕ್ರೋಸ್, ರಾಫಿನೋಸ್, ಸ್ಟ್ಯಾಕಿಯೋಸ್ ಮೂರೂ ಅಪಕರ್ಷಕ (ರೆಡ್ಯೂಸಿಂಗ್) ಸಕ್ಕರೆಗಳಲ್ಲ. ಯೀಸ್ಟ್ ಹಾಕೋ ಮುಂಚೆ ಡಿಎನ್‌ಎಸ್ ಪರೀಕ್ಷೆಯಲ್ಲಿ (ಅಪಕರ್ಷಕ ಸಕ್ಕರೆ ಇದ್ದರೆ ಬಣ್ಣ ಬರುವ ಪರೀಕ್ಷೆ) ಬಣ್ಣ ಬಹುತೇಕ ಬರಬಾರದು. ಯೀಸ್ಟ್ ಆದಮೇಲೆ ಗಾಢ ಕಂದು ಬಂದು, ಗ್ಲೂಕೋಸ್ ಪಟ್ಟಿ (ಗ್ಲೂಕೋಸ್ ಇದ್ದರೆ ಮಾತ್ರ ಬಣ್ಣ ತಿರುಗುವ ಸ್ಟ್ರಿಪ್) ಮಾತ್ರ ಬಣ್ಣ ತಿರುಗದಿದ್ದರೆ ಅನುಮಾನ ಮೆಲಿಬಯೋಸ್ ಮೇಲೇ. ಟಿಎಲ್‌ಸಿಯಲ್ಲಿ (ತೆಳು ಪದರದ ಫಲಕದ ಮೇಲೆ ಸಕ್ಕರೆಗಳನ್ನು ಬೇರ್ಪಡಿಸುವ ವಿಧಾನ) ಶುದ್ಧ ಮೆಲಿಬಯೋಸ್ ಪಕ್ಕದಲ್ಲಿ ಓಡಿಸಿ ನೋಡಿ.

ಉತ್ತರ 2
ಮೇಲಿನದು ಸರಿ, ಜೊತೆಗೆ ಇನ್ನೊಂದು: ಯೀಸ್ಟ್ ಒಳಗಿರುವಾಗಲೇ ಕುದಿಸಿದರೆ ಕೋಶ ಒಡೆದು ಅಮೈನೋ ಆಮ್ಲ, ವಿಟಮಿನ್ ಎಲ್ಲಾ ಸಾರಕ್ಕೆ ಇಳಿಯುತ್ತೆ. ಎಂ9ನಂಥ ಬರಿ ಲವಣದ ಮಾಧ್ಯಮಕ್ಕೆ ಅದು ಹಬ್ಬದೂಟ. ಮೊದಲು ಸೆಂಟ್ರಿಫ್ಯೂಜ್, ಆಮೇಲೆ ಕುದಿಸೋದು.

ಸುಕ್ರೋಸ್ ತೆಗೆಯಲೇಬೇಕಿದ್ದರೆ ಇದ್ದಿಲು-ಸೆಲೈಟ್ ಕಾಲಮ್ (ಇದ್ದಿಲು ಮತ್ತು ಸೋಸುವ ಪುಡಿ ತುಂಬಿದ ಕೊಳವೆ) ಹಾಕಿ, ಅದಕ್ಕಂಟಿದ ಸಕ್ಕರೆಗಳನ್ನು ಒಂದೊಂದಾಗಿ ತೊಳೆದಿಳಿಸಿ. ನೀರಿಗೆ ಒಂಟಿ ಸಕ್ಕರೆಗಳು, 5% ಎಥನಾಲ್‌ಗೆ ಸುಕ್ರೋಸ್, 15%ಗೆ ರಾಫಿನೋಸ್ ಇಳಿಯುತ್ತೆ. ಸ್ಟ್ಯಾಕಿಯೋಸ್‌ಗೆ ಇನ್ನೂ ಏರಿಸಬೇಕು. 5%ರ ಹಂತದಲ್ಲಿ ಅವಸರ ಬೇಡ, ಸುಕ್ರೋಸ್ ಬಾಲ ಎಳೆಯುತ್ತೆ, ಅಂದರೆ ಸ್ವಲ್ಪ ಸ್ವಲ್ಪವಾಗಿ ತಡವಾಗಿಯೂ ಇಳಿಯುತ್ತಿರುತ್ತೆ.

ಪ್ರಶ್ನೆ ಕೇಳಿದವರು
ಕಾಲಮ್ ಇಲ್ಲದಿದ್ದರೆ?

ಉತ್ತರ 1
ಸುಕ್ರೋಸ್ ಇರಲಿ ಬಿಡಿ. ಎಚ್‌ಪಿಎಲ್‌ಸಿಯಲ್ಲಿ (ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಎಷ್ಟಿದೆ ಅಳೆದು, ಅಷ್ಟೇ ಸುಕ್ರೋಸ್ ಮಾತ್ರ ಹಾಕಿದ ಇನ್ನೊಂದು ಟ್ಯೂಬ್ ಇಡಿ. ಬಿಫಿಡೋ ಅದಕ್ಕಿಂತ ಎಷ್ಟು ಜಾಸ್ತಿ ಬೆಳೆಯಿತು ಅನ್ನೋದೇ ಲೆಕ್ಕ. ಕೆ-12ಗೆ ಸುಕ್ರೋಸೂ ದಕ್ಕಲ್ಲ, ಆ ಕಡೆ ಚಿಂತೆಯಿಲ್ಲ. ಬೇರೆ ಇ. ಕೋಲಿ ತಳಿಯಾದರೆ ಮೊದಲೇ ಪರೀಕ್ಷಿಸಿ, ಕೆಲವು ಸುಕ್ರೋಸ್ ತಿನ್ನುತ್ತವೆ. ಸಕ್ಕರೆಯೇ ಇಲ್ಲದ ಎಂಆರ್‌ಎಸ್ ಟ್ಯೂಬನ್ನೂ ಬಿಡಬೇಡಿ, ಅದರ ಪೆಪ್ಟೋನ್, ಯೀಸ್ಟ್ ಸಾರದಲ್ಲೇ ಒಂದಿಷ್ಟು ಬೆಳವಣಿಗೆ ಬರುತ್ತೆ.