ಅಂಟು ಮೆತ್ತಿ ಹಾಳು ಮಾಡಿರೋ ಹಳೇ ಕಾರ್ ಕಿಟ್, ಬಿಚ್ಚಿ ಸರಿ ಮಾಡ್ಬಹುದಾ?

ದಾವಣಗೆರೆ_ಟು_ಡೆಟ್ರಾಯಿಟ್:

ಎಲ್ರಿಗೂ ನಮಸ್ಕಾರ. ಇಲ್ಲಿ ಮಿಚಿಗನ್‌ನಲ್ಲಿ ನಮ್ಮ ಪಕ್ಕದ ರೋಡಲ್ಲಿ ಎಸ್ಟೇಟ್ ಸೇಲ್ ಹಾಕಿದ್ರು, ಒಂದು ಶೂ ಬಾಕ್ಸ್ ತುಂಬ ಹಳೇ ಪ್ಲಾಸ್ಟಿಕ್ ಕಾರ್ ಮಾಡೆಲ್ ಸಿಕ್ತು, ಅರವತ್ತರ ದಶಕದಲ್ಲಿ ಆ ಮನೆ ಹುಡುಗ್ರು ಕಟ್ಟಿದ್ದು ಅನ್ಸುತ್ತೆ. ಹೆಚ್ಚಿನವು ಚೂರುಪಾರು. ಎರಡನ್ನ ಮಾತ್ರ ಬಿಸಾಕೋಕೆ ಮನಸ್ಸಾಗ್ತಿಲ್ಲ, ಒಂದು ಎಎಂಟಿ ಅನ್ನೋ ಕಿಟ್ ಕಂಪನಿಯ 1965ರ ಫೋರ್ಡ್ ಗ್ಯಾಲಕ್ಸಿ, 1/25 ಸ್ಕೇಲು, ಇನ್ನೊಂದು ಜೋ-ಹ್ಯಾನ್ ಅನ್ನೋ ಕಂಪನಿಯ ಕ್ಯಾಡಿಲಾಕ್, ಅದು ಯಾವ ವರ್ಷದ್ದು ಅಂತ ತಿಳೀತಿಲ್ಲ.

ಗ್ಯಾಲಕ್ಸಿ ಅವಸ್ಥೆ ಕೇಳಿ. ಮನೆ ಗೇಟಿಗೆ ಬಳಿದ ಹಾಗೆ ನೀಲಿ ಎನಾಮಲ್‌ನ ಬ್ರಷ್‌ನಲ್ಲಿ ದಪ್ಪಗೆ ಬಳಿದಿದಾರೆ, ರೂಫ್ ಮೇಲೆ ಅಂಟು ಕೈಯಲ್ಲಿ ಮುಟ್ಟಿ ಹೆಬ್ಬೆಟ್ಟಿನ ಗುರುತು ಪ್ಲಾಸ್ಟಿಕ್ಕಲ್ಲೇ ಇಳಿದಿದೆ, ಗೆರೆ ಗೆರೆ ಕಾಣುತ್ತೆ. ಮುಂದಿನ ಗ್ಲಾಸ್ ಅಂಟಿನಿಂದ ಮಂಜು ಮಂಜು, ಬಂಪರ್ ಸೊಟ್ಟ, ಬಾನೆಟ್ ಅಂಟ್ಕೊಂಡು ತೆಗೆಯೋಕೇ ಬರಲ್ಲ, ಹಿಂದಿನ ಎಡಗಡೆ ಚಕ್ರದ ಕಮಾನನ್ನ ಚಾಕು ಕಾಯಿಸಿ ಕೊರೆದಿದಾರೆ, ದೊಡ್ಡ ಟೈರ್ ಹಾಕೋಕೆ ಇರ್ಬೇಕು. ಮಾಡೆಲ್ ಕಟ್ಟೋದು ಸ್ವಲ್ಪ ಗೊತ್ತು, ಟಮಿಯಾ ಕಿಟ್ ಮಾಡಿದೀನಿ, ಆದ್ರೆ ಕಟ್ಟಿರೋದನ್ನ ಬಿಚ್ಚಿ ಅಭ್ಯಾಸ ಇಲ್ಲ. ಎಲ್ಲಿಂದ ಶುರು ಮಾಡ್ಲಿ? ಫ್ರೀಜರಲ್ಲಿ ಇಟ್ರೆ ಅಂಟು ಬಿಡುತ್ತೆ ಅಂತಾರೆ, ನಿಜಾನಾ?

ವಾಟರ್‌ಪೇಪರ್_ವೀರ (ಬೆಂಗಳೂರು):

ಗುರು, ಮೊದಲು ಆ ಕ್ಯಾಡಿಲಾಕ್‌ನ ಎತ್ತಿ ಪಕ್ಕಕ್ಕಿಡು, ಕೈ ಪಳಗೋವರೆಗೂ ಮುಟ್ಟಬೇಡ. ಕಾರಣ ಹೇಳ್ತೀನಿ. ಆ ಕಾಲದಲ್ಲಿ ಎಎಂಟಿ, ಜೋ-ಹ್ಯಾನ್ ಎಲ್ಲಾ ಡೆಟ್ರಾಯಿಟ್ ಕಂಪನಿಗಳಿಗೆ ಶೋರೂಮಲ್ಲಿ ಪ್ರಚಾರಕ್ಕೆ ಕೊಡೋ ಪುಟ್ಟ ಪ್ಲಾಸ್ಟಿಕ್ ಕಾರ್ (ಪ್ರೊಮೋ) ಮಾಡ್ತಿದ್ರು, ಅದೇ ಅಚ್ಚಲ್ಲಿ ಅಂಗಡಿಗೆ ಕಿಟ್ಟೂ ಹೊಡೀತಿದ್ರು. ಮುಂದಿನ ವರ್ಷ ಕಾರಿನ ಗ್ರಿಲ್ಲು, ಹಿಂದಿನ ಲೈಟು ಬದಲಾಗೋದು, ಹೊಸ ಅಚ್ಚಿಗೆ ದುಡ್ಡು ಸುರಿಯೋ ಬದಲು ಹಳೇ ಅಚ್ಚನ್ನೇ ಕೊರೆದು ತಿದ್ದೋರು. ಅಲ್ಲಿಗೆ ಹಳೇ ವರ್ಷದ ಕಾರು ಮುಗೀತು, ಮತ್ತೆ ಹೊಡೀತೀನಿ ಅಂದ್ರೂ ಆಗಲ್ಲ. ಹೀಗೆ ಅಂಟು ಮೆತ್ತಿ ಕೆಡಿಸಿರೋ ಮಾಡೆಲ್‌ಗೆ ಗ್ಲೂ ಬಾಂಬ್ ಅಂತಾರೆ, ಇವಕ್ಕೆ ಜನ ಇಷ್ಟು ಒದ್ದಾಡೋದೇ ಅದಕ್ಕೆ, ಎಷ್ಟೋ ಕಾರಿಗೆ ಉಳಿದಿರೋದು ಯಾರೋ ಹುಡುಗ ಕೆಡಿಸಿದ ಪೀಸ್ ಮಾತ್ರ. ವರ್ಷ ತಿಳೀಬೇಕಾದ್ರೆ ನಂಬರ್ ಪ್ಲೇಟ್ ಜಾಗ ನೋಡು, ಕೆಲವು ಕಿಟ್‌ಗಳಲ್ಲಿ ಅಲ್ಲೇ ಅಚ್ಚಾಗಿರುತ್ತೆ.

65ರ ಗ್ಯಾಲಕ್ಸಿ ಹಾಗಲ್ಲ. ಎಎಂಟಿ ಹೆಸರು ಈಗ ರೌಂಡ್ 2 ಅನ್ನೋ ಕಂಪನಿ ಹತ್ರ ಇದೆ, ಅವರು ಅದನ್ನ ಮತ್ತೆ ಬಿಟ್ಟಿದಾರೆ, ಗ್ಲಾಸು ಕ್ರೋಮು ಎಲ್ಲಾ ಅದರಿಂದ ಎತ್ಕೋಬಹುದು. ಹಾಗಾಗಿ ಕಲಿಯೋಕೆ ಇದೇ ಸರಿ.

ಈಗ ಬಿಚ್ಚೋ ವಿಷ್ಯ. ಎಲ್ರೂ ಮೊದಲು ಎಳೀತಾರೆ, ಆಮೇಲೆ ಪೇಂಟ್ ತೆಗೀತಾರೆ. ಉಲ್ಟಾ ಮಾಡು. ಪೇಂಟ್ ಹೋದ್ಮೇಲೇನೇ ಅಂಟು ಎಲ್ಲೆಲ್ಲಿದೆ ಅಂತ ಕಾಣೋದು. ಇನ್ನೊಂದು, ಅನುಭವಸ್ಥರು ನೀಟಾಗಿ ಕಟ್ಟಿದ ಕಿಟ್‌ಗಿಂತ ಹುಡುಗ್ರು ಕಟ್ಟಿದ್ದು ಬಿಚ್ಚೋಕೆ ಎಷ್ಟೋ ಸಲೀಸು. ಟ್ಯೂಬ್ ಅಂಟು ಕೆಲಸ ಮಾಡೋದು ಪ್ಲಾಸ್ಟಿಕ್‌ನ ಕರಗಿಸಿ ಬೆಸೆದು, ಆ ಹುಡುಗ್ರು ಕ್ರೋಮ್ ಕೆರೆಯದೆ, ಪೇಂಟ್ ಕೆರೆಯದೆ ಅದರ ಮೇಲೇ ಮೆತ್ತಿರ್ತಾರೆ, ಅಂಟು ಪ್ಲಾಸ್ಟಿಕ್ ತಂಕ ಇಳಿದೇ ಇರಲ್ಲ. ಬಂಪರ್ ಹಿಂದೆ ತೆಳು ಬ್ಲೇಡ್ ತೂರಿಸಿ ನಿಧಾನಕ್ಕೆ ತಿರುವು, ಟಪ್ ಅಂತ ಬರುತ್ತೆ. ಬಾನೆಟ್ ಸಂದಿಗೆ ಅಕ್ಕಸಾಲಿಗರ ಸಣ್ಣ ಗರಗಸದ ಬ್ಲೇಡ್ ಹಾಕು, ಅದೂ ತೂರದಿದ್ರೆ ಹೊಲಿಗೆ ದಾರ ಹಾಕಿ ಹಿಂದೆ ಮುಂದೆ ಎಳಿ. ಚಾಸಿ ಎಬ್ಬಿಸೋ ಮುಂಚೆ ಕೆಳಗಡೆ ಸ್ಕ್ರೂ ಇದೆಯಾ ನೋಡು. ಆಗಿನ ಎಎಂಟಿ ಎಂಜಿನ್ ಬ್ಲಾಕಲ್ಲಿ ಒಂದು ತೂತು ಇರುತ್ತೆ, ಮುಂದಿನ ಆಕ್ಸಲ್ ಕಂಬಿ ಅದರೊಳಗಿಂದಾನೇ ಹಾಯ್ದಿರುತ್ತೆ. ಆ ಕಂಬಿ ತುಕ್ಕು ಹಿಡಿದಿರುತ್ತೆ, ಪ್ಲೈಯರಲ್ಲಿ ಹಿಡಿದು ತಿರುಗಿಸ್ತಾ ಎಳೆದು ತೆಗೆಯೋವರೆಗೂ ಎಂಜಿನ್ ಕೀಳೋಕೆ ಹೋಗ್ಬೇಡ, ಹೋದ್ರೆ ಬ್ಲಾಕ್ ಎರಡು ಹೋಳು.

ಹುಬ್ಬಳ್ಳಿ_ಹವ್ಯಾಸಿ:

ಪೇಂಟ್ ತಗ್ಯಾಕ ಬ್ರೇಕ್ ಆಯಿಲ್ ಬಿಟ್ರ ಬ್ಯಾರೆ ಏನೂ ಬ್ಯಾಡ್ರಿ. ಡಾಟ್ 3 ಡಬ್ಬಿ ತಗೊಂಡು ಮುಚ್ಚಳ ಇರೋ ಡಬ್ಬ್ಯಾಗ ಬಾಡಿ ಮುಳುಗಿಸಿ ರಾತ್ರಿ ಇಡ್ರಿ, ಮುಂಜಾನೆ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತಿಕ್ಕಿದ್ರ ಎನಾಮಲ್ ಸಿಪ್ಪಿ ಸಿಪ್ಪಿ ಬರ್ತೈತಿ. ಕೈಗೆ ಗ್ಲೌಸ್ ಬೇಕಾ ಬೇಕು. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಹತ್ರನೂ ಹೋಗಬ್ಯಾಡ್ರಿ, ಕಾರೇ ಕರಗಿ ಮುದ್ದಿ ಆಗ್ತೈತಿ.

ಫ್ರೀಜರ್ ಬಗ್ಗೆ ಕೇಳಿದ್ರಿ. ಫೆವಿಕ್ವಿಕ್ ಥರದ್ದು ಅಂಟಿದ್ರ ಛಲೋ ಕೆಲಸ ಮಾಡ್ತೈತಿ, ಅದು ಥಂಡಿಗೆ ಬಿರುಸಾಗಿ ಪಟ್ ಅಂತ ಬಿಡ್ತೈತಿ. ಟ್ಯೂಬ್ ಅಂಟು ಗುಡ್ಡಿ ಗುಡ್ಡಿ ಇದ್ರ ಒಮ್ಮೊಮ್ಮೆ ಬಿಡ್ತೈತಿ. ಆದ್ರ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಬೆಸದು ಹೋಗಿದ್ರ ಥಂಡಿ ಏನ್ ಮಾಡೀತು? ಅಲ್ಲಿ ಗರಗಸಾನ ಗತಿ. ಮತ್ತ ಫ್ರೀಜರ್‌ನಿಂದ ತಗದ ಕೂಡ್ಲೇ ಕಮಾನು, ಕಂಬ ಹಿಡದು ಬಗ್ಗಿಸಬ್ಯಾಡ್ರಿ, ಥಂಡಿಗೆ ಅಂಟಷ್ಟ ಅಲ್ಲ ಪ್ಲಾಸ್ಟಿಕ್ಕೂ ಮುರಕೊಳ್ತೈತಿ. ವಿಂಡ್‌ಶೀಲ್ಡ್ ಕಂಬ ಮುರೀತಂದ್ರ ಮುಗೀತು ಕಥಿ.

ವಾಟರ್‌ಪೇಪರ್_ವೀರ (ಬೆಂಗಳೂರು):

ಹುಬ್ಬಳ್ಳಿ ಅಣ್ಣ ಹೇಳಿದ್ದು ಸರಿ, ಆದ್ರೆ ಬ್ರೇಕ್ ಆಯಿಲ್ ನನಗೆ ಆಗಲ್ಲಪ್ಪ, ಕೊಳಕು ಕೆಲಸ, ಮುಗಿದ್ಮೇಲೆ ಸಿಂಕಿಗೆ ಸುರಿಯೋ ಹಾಗಿಲ್ಲ, ಗಾಡಿ ಪೇಂಟ್ ಮೇಲೆ ಒಂದು ಹನಿ ಬಿದ್ರೆ ಅದೂ ಹೋಯ್ತು. ಅಮೆರಿಕದಲ್ಲಿ ಇರೋರಿಗೆ ಆಟೋ ಪಾರ್ಟ್ಸ್ ಅಂಗಡೀಲೇ ಸೂಪರ್ ಕ್ಲೀನ್, ಪರ್ಪಲ್ ಪವರ್ ಅಂತ ಡಿಗ್ರೀಸರ್ ಸಿಗುತ್ತಲ್ಲ, ಕಾಸ್ಟಿಕ್ ಇರೋದು, ಹಳೇ ಎನಾಮಲ್ ಅದಕ್ಕೇ ಬಿಡುತ್ತೆ, ಕ್ರೋಮೂ ಅದ್ರಲ್ಲೇ ಹೋಗುತ್ತೆ. ಗ್ಲೌಸು ಕನ್ನಡಕ ಇದಕ್ಕೂ ಬೇಕು. ನಾವಿಲ್ಲಿ ಎಸ್‌ಪಿ ರೋಡಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯೋಕೆ ಇಟ್ಟಿರೋ ಐಸೊಪ್ರೊಪೈಲ್ ಆಲ್ಕೋಹಾಲ್ ತರ್ತೀವಿ, ಅದು ಅಕ್ರಿಲಿಕ್ ಪೇಂಟಿಗೆ ಒಳ್ಳೇದು, ಹಳೇ ಎನಾಮಲ್ ಮುಂದೆ ಅದರ ಆಟ ನಡೆಯಲ್ಲ.

ಲೆಸ್ಟರ್_ಲಂಬೋದರ:

ಇಂಗ್ಲೆಂಡಲ್ಲಿ ನಾವೆಲ್ಲ ಡೆಟಾಲ್ ಪಾರ್ಟಿ. ಹೌದು, ಅದೇ ಗಾಯಕ್ಕೆ ಹಾಕೋ ಕಂದು ಬಣ್ಣದ ಡೆಟಾಲು. ನೀರು ಬೆರೆಸದೆ ಮುಳುಗಿಸಿ ಇಡೋದು, ಪ್ಲಾಸ್ಟಿಕ್ಕಿಗೆ ಏನೂ ಆಗಲ್ಲ. ಒಂದೇ ಒಂದು ಹುಷಾರು, ತಿಕ್ಕೋದೂ ಡೆಟಾಲಲ್ಲೇ ಆಗ್ಬೇಕು, ಪೇಂಟ್ ಪೂರ್ತಿ ಹೋಗೋ ಮುಂಚೆ ನಲ್ಲಿ ಕೆಳಗೆ ಹಿಡಿದ್ರೋ ಹಾಲಿನ ಥರ ಬೆಳ್ಳಗಾಗಿ, ಬಿಟ್ಟಿರೋ ಪೇಂಟೆಲ್ಲ ಅಂಟಂಟು ಜಿಗುಟಾಗಿ ಮತ್ತೆ ಬಾಡಿಗೇ ಕಚ್ಕೊಳುತ್ತೆ. ಕೊನೇಲಿ ಚೊಕ್ಕ ಡೆಟಾಲಲ್ಲಿ ಒಂದ್ಸಲ ಅದ್ದಿ, ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್. ಮನೆ ಪೂರ್ತಿ ನರ್ಸಿಂಗ್ ಹೋಂ ವಾಸನೆ, ಮನೆಯವರ ಜೊತೆ ಮೊದಲೇ ಮಾತಾಡ್ಕೊಳಿ 😀

ದಾವಣಗೆರೆ_ಟು_ಡೆಟ್ರಾಯಿಟ್:

ಸೂಪರ್ ಕ್ಲೀನ್ ತಂದು ಹಾಕಿದ್ದೆ, ನೀಲಿ ಎಲ್ಲಾ ಹೋಗಿ ಬಿಳೀ ಬಾಡಿ ಬಂತು, ಬಂಪರ್ ನೀವು ಹೇಳಿದ ಹಾಗೆ ಟಪ್ ಅಂತು! ಈಗ ಹೆಬ್ಬೆಟ್ಟಿನ ಗುರುತು, ಕೊರೆದ ಕಮಾನು, ಗ್ಲಾಸು ಉಳಿದಿವೆ. ಬಲಗಡೆ ಕಮಾನು ಪುಣ್ಯಕ್ಕೆ ಸರಿ ಇದೆ. ಮತ್ತೆ ಟೈರ್ ತಾಗಿದ ಕಡೆ ಚಕ್ರದ ಪ್ಲಾಸ್ಟಿಕ್ಕೇ ಕರಗಿ ಹೋಗಿದೆಯಲ್ಲ, ಅದ್ಯಾಕೆ? ಅಲ್ಲಿ ಅಂಟು ಹಾಕಿರೋ ಹಾಗೆ ಕಾಣಲ್ಲ.

ವಾಟರ್‌ಪೇಪರ್_ವೀರ (ಬೆಂಗಳೂರು):

ಟೈರಿಂದು ಅಂಟಿನ ಕೆಲಸ ಅಲ್ಲ. ಹಳೇ ಟೈರು ವಿನೈಲು, ಅದನ್ನ ಮೆತ್ತಗೆ ಇಡೋಕೆ ಬೆರೆಸಿರೋ ಎಣ್ಣೆಯಂಥ ಕೆಮಿಕಲ್ಲು ವರ್ಷಗಟ್ಟಲೆ ನಿಧಾನಕ್ಕೆ ಹೊರಗೆ ಬಂದು ಸ್ಟೈರೀನ್‌ನ, ಅಂದ್ರೆ ಕಿಟ್‌ನ ಪ್ಲಾಸ್ಟಿಕ್‌ನ ತಿನ್ನುತ್ತೆ. ಡಬ್ಬದಲ್ಲಿ ಟೈರ್ ಮೇಲೆ ಬಾಡಿ ಒರಗಿದ್ರೂ ಅಷ್ಟೇ, ಗುಂಡಗೆ ಗುರುತು ಬೀಳುತ್ತೆ. ಆ ಚಕ್ರಗಳನ್ನ ಬಿಡು, ಹೊಸ ಕಿಟ್‌ದು ಹಾಕು. ಹಳೇ ಟೈರನ್ನ ಇವತ್ತೇ ಬೇರೆ ಕವರಲ್ಲಿ ಕಟ್ಟಿಡು, ಕ್ಯಾಡಿಲಾಕ್‌ದೂ ಬಿಚ್ಚೋಕೆ ಬಂದ್ರೆ ಬಿಚ್ಚು.

ಹೆಬ್ಬೆಟ್ಟು: 400 ನಂಬರ್ ವಾಟರ್ ಪೇಪರ್ ನೀರು ಹಾಕಿ ಉಜ್ಜು, ಉಬ್ಬಿರೋ ಗೆರೆ ಹೋಗಿ ತಗ್ಗು ಮಾತ್ರ ಉಳಿಯುತ್ತೆ. ತಗ್ಗಿಗೆ ಅಂಗಡಿ ಪುಟ್ಟಿ ಬೇಡ, ಹೊಸ ಕಿಟ್‌ನಲ್ಲಿ ಭಾಗಗಳು ಅಂಟಿಕೊಂಡಿರೋ ಫ್ರೇಮ್ ಕಡ್ಡಿ ಇರುತ್ತಲ್ಲ, ಅದನ್ನ ಚೂರು ಮಾಡಿ ಲಿಕ್ವಿಡ್ ಸಿಮೆಂಟ್ (ಪ್ಲಾಸ್ಟಿಕ್ ಮಾಡೆಲ್‌ಗೆ ಹಾಕೋ ನೀರಿನಂಥ ಅಂಟು) ಬಾಟಲಲ್ಲಿ ಕರಗಿಸಿ ಅದನ್ನೇ ಹಚ್ಚು. ಅದೂ ಅದೇ ಪ್ಲಾಸ್ಟಿಕ್ ಆಗಿರೋದ್ರಿಂದ ಉಜ್ಜುವಾಗ ಸುತ್ತಲಿನ ಜಾಗದ ಸಮಕ್ಕೇ ಸವೆಯುತ್ತೆ, ಆದ್ರೆ ಪೂರ್ತಿ ಒಣಗಿ ಕುಗ್ಗೋಕೆ ವಾರಗಟ್ಟಲೆ ಬೇಕು, ಅರ್ಜೆಂಟ್ ಮಾಡಿದ್ರೆ ಪೇಂಟ್ ಆದ್ಮೇಲೆ ತಗ್ಗು ಮತ್ತೆ ಕಾಣುತ್ತೆ. ಕಾಯೋಕಾಗಲ್ಲ ಅಂದ್ರೆ ಸೂಪರ್ ಗ್ಲೂ ತುಂಬು, ಆದ್ರೆ ಅವತ್ತೇ ಉಜ್ಜಿ ಮುಗಿಸು, ಬಿಟ್ರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ ಸುತ್ತಲೇ ತಗ್ಗು ಬೀಳುತ್ತೆ. ಉಜ್ಜೋ ಮುಂಚೆ ಪಕ್ಕದ ಕ್ರೋಮ್ ಪಟ್ಟಿ ಗೆರೆಗಳ ಮೇಲೆ ಟೇಪ್ ಹಾಕು, ಆ ಗೆರೆ ಸವೆದು ಹೋದ್ರೆ ವಾಪಸ್ ಬರಿಸೋದು ದೊಡ್ಡ ಗೋಳು. ಡೋರ್ ಸಂದಿನೂ ಪೇಂಟಿಗೆ ಮುಂಚೆ ಚಾಕು ಬೆನ್ನಲ್ಲಿ ಒಂದೆರಡು ಸಲ ಎಳೆದು ಆಳ ಮಾಡ್ಕೋ.

ಕಮಾನು: ಬಲಗಡೆದನ್ನ ಟ್ರೇಸಿಂಗ್ ಪೇಪರಲ್ಲಿ ತೆಗೆದು ಪೇಪರ್ ಮಗುಚಿದ್ರೆ ಎಡಗಡೆ ಅಳತೆ ಸಿಕ್ತು. ಬಾಡಿ ದಪ್ಪದ್ದೇ ಸ್ಟೈರೀನ್ ಶೀಟ್ ಸ್ವಲ್ಪ ದೊಡ್ಡದಾಗೇ ಕತ್ತರಿಸಿ ಕೂರಿಸು, ಒಳಗಡೆಯಿಂದ ಇನ್ನೊಂದು ತುಂಡು ಆಸರೆ ಕೊಡು, ಗಟ್ಟಿಯಾದ್ಮೇಲೆ ಅರದಲ್ಲಿ ಗುರುತಿನ ತಂಕ ತಿನ್ನಿಸು. ಗ್ಲಾಸಿಗೆ ಒದ್ದಾಡಬೇಡ, ಹೊಸ ಕಿಟ್‌ದು ಇದೆಯಲ್ಲ.

ಲೆಸ್ಟರ್_ಲಂಬೋದರ:

ಹಳೇ ಗ್ಲಾಸ್ ಬಿಸಾಕಬೇಡಿ ಮಾತ್ರ. ಕ್ಯಾಡಿಲಾಕ್‌ಗೆ ಹೊಸ ಗ್ಲಾಸ್ ಸಿಗೋದು ಕಷ್ಟ, ಅದಕ್ಕೆ ಇದರ ಮೇಲೆ ಕೈ ಪಳಗಿಸ್ಕೊಳಿ. 1000, 1500, 2000 ನಂಬರ್ ವಾಟರ್ ಪೇಪರ್, ಹೀಗೆ ಒಂದಾದ್ಮೇಲೆ ಒಂದು ನೀರಲ್ಲಿ ಉಜ್ಜಿ, ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್ ಬಟ್ಟೇಲಿ ತಿಕ್ಕಿ. ಮೇಲ್ಮೈ ಮಂಜಾದ್ರೆ ತಿಳಿಯಾಗುತ್ತೆ, ಅಂಟು ಒಳಗಿನ ತಂಕ ತಿಂದಿದ್ರೆ ಆಗಲ್ಲ.

ಹುಬ್ಬಳ್ಳಿ_ಹವ್ಯಾಸಿ:

ಪ್ರೈಮರ್ ಹೊಡದ ಮ್ಯಾಲೆ ಫೋಟೋ ಹಾಕ್ರಿ. ಬೂದು ಪ್ರೈಮರ್ ಹೊಡೀರಿ, ಬಿಳೀ ಬಾಡಿ ಮ್ಯಾಲೆ ಕಾಣದ ಗೀರೆಲ್ಲ ಅದರಾಗ ಕಾಣ್ತಾವ.