ರೇಡಿಯೋ ‘ಬಿಡಿಸುತ್ತದೆ’: ಈ ಬಳಕೆ ಕೇಳಿದ್ದೀರಾ?

ಬಲ್ಲವರಿಗೆ ನಮಸ್ಕಾರ.

ನನ್ನ ಬಳಿ ಅಮೆರಿಕದಲ್ಲಿ ತಯಾರಾದ ಎರಡು ಹಳೆಯ ವಾಲ್ವ್ ರೇಡಿಯೋಗಳಿವೆ. ಹ್ಯಾಲಿಕ್ರಾಫ್ಟರ್ಸ್ ಎಸ್-38, 1946ರಲ್ಲಿ ಪೇಟೆಗೆ ಬಂದ ಅಗ್ಗದ ಮಾದರಿ. ಇನ್ನೊಂದು ಹ್ಯಾಮರ್ಲಂಡ್ ಎಸ್‌ಪಿ-600. ಅದರೊಳಗೆ 20 ವಾಲ್ವುಗಳು. ಶಾರ್ಟ್‌ವೇವ್ ಕೇಳುವುದರಲ್ಲಿ ಇವೆರಡರ ಹೋಲಿಕೆಯನ್ನು ಕನ್ನಡದಲ್ಲಿ ಬರೆಯಲು ಕೂತು ಎರಡು ಪದಗಳ ಹತ್ತಿರ ನಿಂತಿದ್ದೇನೆ: ಸೆನ್ಸಿಟಿವಿಟಿ, ಸೆಲೆಕ್ಟಿವಿಟಿ.

ಮೊದಲನೆಯದಕ್ಕೆ ನಮ್ಮ ಮನೆಮಾತೇ ಇದೆ. ‘ನಮ್ಮನೆ ರೇಡಿಯೋ ಸಿಲೋನ್ ಚೆನ್ನಾಗಿ ಹಿಡಿಯುತ್ತೆ’ ಅನ್ನುತ್ತಿದ್ದೆವಲ್ಲ, ಅದೇ. ತೊಡಕಿರುವುದು ಎರಡನೆಯದರಲ್ಲಿ. ‘ಆಯ್ಕೆಸಾಮರ್ಥ್ಯ’ ಎಂದು ಬರೆದು ನೋಡಿದೆ, ಒಪ್ಪಲಿಲ್ಲ. ಆರಿಸುವವರು ಮುಳ್ಳು ತಿರುಗಿಸುವ ನಾವು. ರೇಡಿಯೋ ಮಾಡುವುದು, ನಾವು ಆರಿಸಿದ ಸ್ಟೇಷನ್ನಿಗೆ ಪಕ್ಕದ್ದು ಬಂದು ಮೆತ್ತಿಕೊಳ್ಳದಂತೆ ನೋಡಿಕೊಳ್ಳುವ ಕೆಲಸ.

ಆಗ ನೆನಪಾದದ್ದು ಹಾಸನದಲ್ಲಿ ನಮ್ಮ ತಂದೆಯವರ ಐದು ವಾಲ್ವಿನ ಸೆಟ್ಟು ರಿಪೇರಿ ಮಾಡಲು ಬರುತ್ತಿದ್ದವರ ಮಾತು. ‘ಹಿಡಿಯೋದೇನೋ ಹಿಡಿಯುತ್ತೆ ಮೇಷ್ಟ್ರೇ, ಬಿಡಿಸ್ತಾ ಇಲ್ಲ’ ಎಂದಿದ್ದರು. ಹಿಂದಿನ ರಟ್ಟು ಬಿಚ್ಚಿ, ಐ.ಎಫ್. ಡಬ್ಬಿಯೊಳಗಿನ (ಪಕ್ಕದ ಸ್ಟೇಷನ್ನನ್ನು ದೂರವಿಡುವ ತಂತಿಸುರುಳಿಗಳಿರುವ ಡಬ್ಬಿ ಅದು) ತಿರುಪನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಕೂದಲೆಳೆಯಷ್ಟು ತಿರುಗಿಸುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಒಂದಿಷ್ಟು ತಿರುಗಿಸುವುದು. ಕೊನೆಗೆ, ‘ಈಗ ಬಿಡಿಸ್ತು ನೋಡಿ.’

ಅವರೆಕಾಳು ಬಿಡಿಸುತ್ತೇವೆ, ಸಿಕ್ಕು ಬಿಡಿಸುತ್ತೇವೆ, ಜಗಳವನ್ನೂ ಬಿಡಿಸುತ್ತೇವೆ. ಶಾರ್ಟ್‌ವೇವಿಗೆ ಮೂರನೆಯದು ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದು ನಿನ್ನೆ ರಾತ್ರಿ ಅರಿವಾಯಿತು. ಶಾರ್ಟ್‌ವೇವಿನ 31 ಮೀಟರ್ ಬ್ಯಾಂಡಿನಲ್ಲಿ 5 ಕಿಲೋಹರ್ಟ್ಸ್ ಅಂತರದಲ್ಲಿ ಎರಡು ಸ್ಟೇಷನ್ನುಗಳಿದ್ದವು. ಎಸ್-38 ಎರಡನ್ನೂ ಹಿಡಿಯಿತು: ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಹಾಡು, ನಡುವೆ ಸಣ್ಣಗೆ ಒಂದು ಸಿಳ್ಳೆ. ಎಸ್‌ಪಿ-600ರಲ್ಲಿ ಪಟ್ಟಿಯ ಅಗಲವನ್ನು, ಅಂದರೆ ರೇಡಿಯೋ ಒಮ್ಮೆಗೆ ಒಳಬಿಡುವ ತರಂಗಗಳ ವ್ಯಾಪ್ತಿಯನ್ನು, 13ರಿಂದ 0.2 ಕಿಲೋಹರ್ಟ್ಸ್‌ವರೆಗೆ ಆರು ಹಂತಗಳಲ್ಲಿ ಕಿರಿದು ಮಾಡಬಹುದು. 3ಕ್ಕೆ ಇಳಿಸಿದೆ. ಸಿಳ್ಳೆ ನಿಂತಿತು, ಹಾಡು ಹೋಯಿತು, ಮಾತೊಂದೇ ಉಳಿಯಿತು. ಆದರೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದ ಹಾಗಿತ್ತು, ಏಕೆಂದರೆ ಪಟ್ಟಿ ಕಿರಿದಾದಾಗ ದನಿಯ ಮೇಲಿನ ಭಾಗವೂ ಕತ್ತರಿಸಿಹೋಗುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದ ಸ್ಟೇಷನ್ನಿನಲ್ಲಿ ಹಾಡು ಕೇಳಲು ನಾನು ಈಗಲೂ ಹಚ್ಚುವುದು ಎಸ್-38ನ್ನೇ.

ಕ್ರಿಯಾಪದವಾಗಿ ‘ಬಿಡಿಸು’ ನನಗೆ ಪೂರ್ತಿ ಒಪ್ಪಿಗೆ. ನಾಮಪದ ಮಾಡಹೊರಟರೆ ಕಷ್ಟ. ‘ಹಿಡಿತ’ ಎಂದೊಡನೆ ಹತೋಟಿ ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ‘ಬಿಡಿತ’ ಹುಟ್ಟುವುದು ‘ಬಿಡು’ವಿನಿಂದ, ‘ಬಿಡಿಸು’ವಿನಿಂದಲ್ಲ, ಸ್ಟೇಷನ್ನೇ ಕೈಬಿಟ್ಟಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಹಿಡಿಯುವ ಶಕ್ತಿ’, ‘ಬಿಡಿಸುವ ಶಕ್ತಿ’ ಎಂದು ಬರೆದಿಟ್ಟುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ರಿಪೇರಿಯವರು ಇದಕ್ಕೆ ಏನನ್ನುತ್ತಿದ್ದರು? ‘ಬಿಡಿಸು’ ಅಲ್ಲಿಯೂ ಇತ್ತೇ, ಅಥವಾ ನಮ್ಮ ಕಡೆಯದು ಮಾತ್ರವೇ?

ಜೊತೆಗೆ ಇನ್ನೊಂದು. ಶಾರ್ಟ್‌ವೇವಿನಲ್ಲಿ ದನಿ ಏರಿ ಇಳಿದು, ದೂರ ಹೋಗಿ ಮತ್ತೆ ಹತ್ತಿರ ಬರುತ್ತದಲ್ಲ, ಅದಕ್ಕೆ ನಮ್ಮ ತಾಯಿ ‘ಸ್ಟೇಷನ್ ಜೀಕ್ತಾ ಇದೆ’ ಅನ್ನುತ್ತಿದ್ದರು. ಜೋಕಾಲಿ ಜೀಕುವ ಅದೇ ಜೀಕು. ರೇಡಿಯೋ ವಿಷಯದಲ್ಲಿ ಈ ಮಾತನ್ನು ಬೇರೆ ಯಾರ ಬಾಯಲ್ಲಾದರೂ ಕೇಳಿದವರಿದ್ದೀರಾ?